ಕಪ್ಪೆಮರಿಗೆ ಆರಿಸಿದ ಕ್ಯಾಮೆರಾ

ಭಾನುವಾರ, ಮಾರ್ಚ್ ೧೪

ನನ್ನ ಮುದ್ದು ಕಪ್ಪೆಮರಿ,

ಪಾರ್ಸೆಲ್ ಬಿಚ್ಚುವ ಮೊದಲು ಈ ಕಾಗದ ಓದು. ಓದುವುದಿಲ್ಲ, ಮೊದಲು ಪಾರ್ಸೆಲ್ಲಿಗೇ ಕೈ ಹಾಕುತ್ತೀಯ ಎಂದು ಗೊತ್ತು. ಹೆತ್ತವಳಿಗೆ ಅಷ್ಟೂ ತಿಳಿಯದೇ?

ಸಮುದ್ರ ಸಂಶೋಧನೆಯವರು ಹವಳದ ಚಿತ್ರೀಕರಣಕ್ಕೆ ಕರೆದಿದ್ದಾರೆ, ಮಾರ್ಚ್ ಇಪ್ಪತ್ತರೊಳಗೆ ನನ್ನದೇ ಕ್ಯಾಮೆರಾ ಇರಬೇಕಂತೆ, ನೀನೇ ಆರಿಸಿ ಕಳಿಸಮ್ಮ ಎಂದು ನೀನು ಬರೆದು ತಿಂಗಳಾಯಿತು. ಮೂವತ್ತು ವರ್ಷ ಮದುವೆಗಳ ವಿಡಿಯೊ ತೆಗೆದವಳಿಗೆ ಇದೇನು ಮಹಾ ಎಂದುಕೊಂಡೆ. ಅಂಗಡಿಗೆ ಹೋಗಿ, ದೊಡ್ಡ ಜೂಮ್ ಇರುವುದನ್ನು ತೋರಿಸಿ ಎಂದೆ. ಅಂಗಡಿಯಾಕೆ ನಕ್ಕೇಬಿಟ್ಟಳು. ನೀರೊಳಗೆ ದೂರದಿಂದ ತೆಗೆದ್ರೆ ಬರೀ ಮಬ್ಬು ಮೇಡಂ, ಹತ್ರ ಹೋಗಿ ಅಗಲದ ಲೆನ್ಸಲ್ಲಿ ತೆಗೀಬೇಕು ಎಂದಳು. ಹತ್ತು ಮೀಟರ್ ಇಳಿದರೆ ಕೆಂಪು ಬಣ್ಣವೇ ಮಾಯವಂತೆ, ಜೊತೆಗೊಂದು ದೀಪ ಬೇಕೇ ಬೇಕಂತೆ. ನನ್ನ ಇಷ್ಟು ವರ್ಷದ ವಿದ್ಯೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಹಿತ್ತಿಲಿನ ನೀರಿನ ಡ್ರಮ್ಮೇ ನನ್ನ ಸಮುದ್ರವಾಯಿತು. ಅಂಗಡಿಯಿಂದ ತಂದ, ಕ್ಯಾಮೆರಾ ಕೂರಿಸುವ, ನೀರು ನುಗ್ಗದ ಡಬ್ಬದೊಳಗೆ ಕ್ಯಾಮೆರಾ ಬದಲು ಟಿಶ್ಯೂ ಕಾಗದ ಇಟ್ಟು ಮುಳುಗಿಸುವುದು, ಅರ್ಧ ಗಂಟೆ ಬಿಟ್ಟು ಎತ್ತಿ ಕಾಗದ ಒದ್ದೆಯಾಗಿದೆಯೋ ಎಂದು ನೋಡುವುದು. ನಿನ್ನಪ್ಪ ಇಣುಕಿ, ಏನೇ ಇದು, ಡ್ರಮ್ಮಿಗೂ ಮದುವೆನಾ ಎಂದು ಕೇಳಿ ಹೋದರು. ಡಬ್ಬ ಸೋರಿತು! ಅಂಗಡಿಗೆ ಹೋಗಿ ಆಕೆಯ ಮೇಲೆ ಹರಿಹಾಯ್ದೆ. ಆಕೆ ಮುಚ್ಚಳದ ರಬ್ಬರ್ ಉಂಗುರ ಬಿಚ್ಚಿ, ಅಂಟಿಕೊಂಡಿದ್ದ ಬಿಳಿ ಕೂದಲೊಂದನ್ನು ಎಳೆದು ನನ್ನ ಕೈಗಿಟ್ಟಳು. ನನ್ನದೇ! ನೀರು ನುಗ್ಗಲು ಒಂದು ಕೂದಲು ಸಾಕಂತೆ. ನೀನೂ ಪ್ರತಿ ಸಲ ಆ ಉಂಗುರ ಒರೆಸಿಯೇ ಮುಚ್ಚು. ನಿನ್ನ ತಲೆಯಂತೂ ಕಾಡು.

ಈಗ ಒಂದು ತಪ್ಪೊಪ್ಪಿಗೆ. ಆ ಡಬ್ಬ ಅವತ್ತೇ ಸರಿಹೋಗಿತ್ತು. ಆಮೇಲೆ ಎರಡು ವಾರ ನಾನು ಬೇಕೆಂದೇ ತಡ ಮಾಡಿದೆ. ಗುಂಡಿ ಸಣ್ಣದು, ಕೈಗವಸು ಹಾಕಿದರೆ ಒತ್ತಲಾಗದು, ಬ್ಯಾಟರಿ ಸಾಲದು, ತೂಕ ಜಾಸ್ತಿ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಕ್ಯಾಮೆರಾ ಬರದಿದ್ದರೆ ಅವರು ಬೇರೆ ಯಾರನ್ನೋ ಕರೆದುಕೊಳ್ಳುತ್ತಾರೆ, ನೀನು ದಡದಲ್ಲೇ ಉಳಿಯುತ್ತೀಯ ಎಂಬ ಆಸೆ. ಭಯ ಕಣೇ. ನೀನು ನೀರಿಗಿಳಿಯುವ ದಿನ ನನಗೆ ಊಟ ಸೇರುವುದಿಲ್ಲ. ಹೋದ ವಾರ ನಿನ್ನಪ್ಪ ಕ್ಯಾಲೆಂಡರ್ ಮುಂದೆ ನಿಂತು, ಮಗಳ ಕೆಲಸಕ್ಕೆ ನೀನೇ ಕಲ್ಲು ಹಾಕ್ತಾ ಇದ್ದೀಯ, ಗೊತ್ತಾಗ್ತಿದೆಯಾ ಎಂದರು. ಅವರು ಅಷ್ಟು ಖಡಾಖಂಡಿತವಾಗಿ ಮಾತಾಡಿದ್ದು ನಾನು ಕೇಳಿದ್ದೇ ಕಡಿಮೆ. ನಾಚಿಕೆಯಾಯಿತು. ಕ್ಷಮಿಸು.

ಕೊನೆಗೆ ಸಣ್ಣದನ್ನೇ ಆರಿಸಿದೆ. ಅಂಗೈಯಗಲದ ಕ್ಯಾಮೆರಾ, ದಪ್ಪ ಗುಂಡಿ, ನಲವತ್ತು ಮೀಟರ್ ಆಳಕ್ಕೆ ತಡೆಯುವ ಡಬ್ಬ, ಒಂದು ದೀಪ. ದೊಡ್ಡದರಲ್ಲಿ ಚಿತ್ರ ಇನ್ನೂ ಚೆನ್ನ, ಅದು ನಿಜ. ಆದರೆ ಇದಾದರೆ ನಿನ್ನ ಒಂದು ಕೈ ಖಾಲಿ ಇರುತ್ತದೆ. ಚಿತ್ರ ಸ್ವಲ್ಪ ಅಲುಗಿದರೆ ಅಲುಗಲಿ, ನೀನು ನೆಟ್ಟಗೆ ಮೇಲೆ ಬಾ.

ಇಂತಿ,
ನಿನ್ನ ಪುಕ್ಕಲು ಅಮ್ಮ

ತಾ.ಕ.: ಕ್ಯಾಮೆರಾದ ಕಾರ್ಡಿನಲ್ಲಿ ನಲವತ್ತು ಸೆಕೆಂಡಿನ ವಿಡಿಯೊ ಇದೆ, ಅಳಿಸಬೇಡ. ಡ್ರಮ್ಮಿನದಲ್ಲ, ಈಜುಕೊಳದ್ದು. ನಾಲ್ಕು ದಿನದಿಂದ ಬೆಳಗ್ಗೆ ಪುಟ್ಟ ಮಕ್ಕಳ ಬ್ಯಾಚಿನಲ್ಲಿ ಈಜು ಕಲಿಯುತ್ತಿದ್ದೇನೆ. ವಾಕಿಂಗ್ ಹೋಗುತ್ತೇನೆಂದು ನಿನ್ನಪ್ಪ ನಂಬಿದ್ದಾರೆ. ನೀರೊಳಗೆ ಕೆನ್ನೆ ಉಬ್ಬಿಸಿಕೊಂಡು ಏನೋ ಹೇಳುತ್ತಿರುವ ಹೆಂಗಸು ನಾನೇ. ಕೇಳಿಸುವುದು ಗುಳ್ಳೆಗಳ ಸದ್ದು ಮಾತ್ರ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೇಳಿದ್ದು ಇಷ್ಟೇ: ಧೈರ್ಯವಾಗಿ ಇಳಿ ಕಣೇ.