ಬಂಗಲೆಯ ಹಿಂದಿನ ಕಲ್ಲುಗಳು

ಶ್ಯಾಂಟಿಲಿ, ವರ್ಜೀನಿಯಾ
ಅಕ್ಟೋಬರ್ 1972

ಅತ್ತಿಗೆಯವರಿಗೆ ನಮಸ್ಕಾರ.

ನಾನು ಮನೆಯಲ್ಲಿ ಮಂಕಾಗಿ ಕೂತಿರುತ್ತೇನೆಂದು ನಿಮ್ಮ ತಮ್ಮ ನಿನ್ನೆ ಇಲ್ಲಿನ ಹಳೆಯ ಜಮೀನ್ದಾರರ ಬಂಗಲೆಯೊಂದನ್ನು ನೋಡಲು ಕರೆದೊಯ್ದರು. ಈ ಕಾರ್ಡಿನ ಹಿಂಬದಿಯ ಚಿತ್ರ ಅದರದೇ. ಒಳಗೆ ಊಟದ ಚಮಚಗಳ ಮೇಲೂ ಯಜಮಾನನ ಹೆಸರು ಕೆತ್ತಿದೆ! ಹಿಂದಿನ ತೋಪಿನಲ್ಲಿ, ದೊಡ್ಡ ಓಕ್ ಮರದ ಬುಡದಲ್ಲಿ, ಸಾಲಾಗಿ ಕಲ್ಲು ನೆಟ್ಟಿದ್ದರು. ನಾಗರಕಲ್ಲುಗಳನ್ನು ಕಂಡಂತಾಗಿ ಚಪ್ಪಲಿ ಬಿಟ್ಟು ಕೈಮುಗಿದೆ.

“ಏಯ್, ಅದು ಗ್ರೇವ್‌ಯಾರ್ಡ್ ಕಣೇ! ಈ ಮನೆ ಗುಲಾಮರನ್ನ ಹೂತಿರೋದು,” ಎಂದರು ಇವರು.

ಹತ್ತಿರ ಹೋಗಿ ನೋಡಿದೆ. ಒಂದು ಕಲ್ಲಿನ ಮೇಲೂ ಒಂದಕ್ಷರವಿಲ್ಲ.

ನಮ್ಮ ಮಗಳು ಹುಟ್ಟಿದ ವಾರದಲ್ಲೇ ತೀರಿಹೋದಾಗ, ಕಲ್ಲಿನ ಮೇಲೆ ಏನು ಬರೆಯಬೇಕೆಂದು ಇಲ್ಲಿನ ಸ್ಮಶಾನದವರು ಕೇಳಿದ್ದರು. ನಾಮಕರಣವೇ ಆಗಿಲ್ಲವಲ್ಲ ಎಂದು ಇವರು ಕಲ್ಲೇ ಬೇಡವೆಂದುಬಿಟ್ಟರು.

ನನಗೆ ರಕ್ತ ಇನ್ನೂ ಕಡಿಮೆಯಂತೆ, ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಸೋದರತ್ತೆಯಾಗಿ ಅವಳ ಕಿವಿಯಲ್ಲಿ ಹೇಳಬೇಕೆಂದು ನೀವು ಇಟ್ಟುಕೊಂಡಿದ್ದ ಹೆಸರನ್ನು ಬರೆದು ಕಳಿಸಿ. ಇಂಗ್ಲಿಷಿನಲ್ಲೂ ಬರೆಯಿರಿ, ಇಲ್ಲಿ ಕಲ್ಲು ಕೆತ್ತುವವನಿಗೆ ಕನ್ನಡ ಬರುವುದಿಲ್ಲ.

ಸುಲೋಚನ