ಕೆಳಗಿನ ಮನೆಯ ಉತ್ತರ

ಭಾನುವಾರ, ಮಧ್ಯಾಹ್ನ
ಅಪ್ಪ ಮಗ ಇಬ್ಬರೂ ಮಲಗಿರುವ ಪುಣ್ಯದ ಹೊತ್ತು

ನನ್ನ ಜಗಳಗಂಟಿ ದೊಡ್ಡಮ್ಮನಿಗೆ,

ಮೇಲಿನ ಮನೆಯವಳು ಮಾಡುವ ನಮಸ್ಕಾರಗಳು. ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ಓದುವಾಗ ಕೆಂಪು ಪೆನ್ನು ಕೈಗೆತ್ತಿಕೊಳ್ಳಬೇಡಿ. ಜೀವಮಾನವೆಲ್ಲ ಕಂಡವರ ಪುಸ್ತಕಗಳ ಕರಡು ತಿದ್ದಿದವರಿಗೆ ಪತ್ರ ಬರೆಯುವುದೆಂದರೆ ನನ್ನಂಥವಳಿಗೆ ಪರೀಕ್ಷೆ ಬರೆದ ಹಾಗೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀವು ನನಗೆ ಮಾತಾಡಲು ಬಿಟ್ಟಿದ್ದು ಯಾವಾಗ?

ಮಂಡಿ ಹೇಗಿದೆ? ಆಪರೇಷನ್ ಆಗಿ ಸರಿಯಾಗಿ ಎದ್ದು ನಿಲ್ಲುವ ಮೊದಲೇ ನಿಮ್ಮ ತಂಗಿಯ ಅಡುಗೆಮನೆಗೆ ನುಗ್ಗಿ ಡಬ್ಬಗಳ ಜಾಗ ಬದಲಾಯಿಸಿದಿರಂತೆ. ಪಾಪ, ಅವರು ನನ್ನ ಹತ್ತಿರ ಅತ್ತುಕೊಂಡರು. ನನಗೆ ಮಾತ್ರ ಸಮಾಧಾನವಾಯಿತು, ನಮ್ಮ ದೊಡ್ಡಮ್ಮ ಹುಷಾರಾಗಿದ್ದಾರೆ ಎಂದು. ಆ ಮನೆಯಲ್ಲಿ ನಿಮ್ಮ ಇಲ್ಲಿನ ಮೊದಲ ಮಹಡಿಯ ಹಾಗೆ ಮೆಟ್ಟಿಲು ಹತ್ತಿ ಇಳಿಯುವ ಕಾಟವಿಲ್ಲ, ನೀವು ಇಲ್ಲಿನ ಮನೆ ಖಾಲಿ ಮಾಡಿ ಅಲ್ಲಿಗೆ ಹೋಗಿದ್ದೇ ಸರಿ ಎಂದು ಬುದ್ಧಿ ಹೇಳುತ್ತದೆ. ಆ ಬುದ್ಧಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ?

ನಾವು ಈ ಮನೆಗೆ ಬಂದ ವಾರವೇ ನೀವು ಬಾಗಿಲು ಬಡಿದಿದ್ದು ನೆನಪಿದೆಯಾ? ಅದಕ್ಕೆ ಮುಂಚೆ ಎರಡು ಮನೆಗಳಿಂದ ನಮ್ಮನ್ನು ಎಬ್ಬಿಸಿದ್ದರು, ಎರಡೂ ಕಡೆ ಸದ್ದಿನ ದೂರೇ. ಹಾಗಾಗಿ ಬಾಗಿಲು ತೆಗೆಯುವಾಗಲೇ ನನ್ನ ಮುಖ ಗಂಟಾಗಿತ್ತು. ನೀವು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ, ಮನೇಲಿ ಕುದುರೆ ಕಟ್ಟಿದೀರಾ?" ಎಂದಿರಿ. ನಾನು ಬಿಡುವವಳೇ? "ಹೌದು, ಒಂದೇ ಒಂದು ಮರಿ, ಬೇಕಿದ್ರೆ ಬಂದು ನೋಡಿ" ಎಂದು ಬಾಗಿಲನ್ನು ಪೂರ್ತಿ ತೆಗೆದೆ. ಒಳಗೆ ನಮ್ಮ ಬುಗುರಿ ತನ್ನ ಪಾಡಿಗೆ ತಾನು ಸುತ್ತುತ್ತ, ಹಿಮ್ಮಡಿಯಲ್ಲಿ ನೆಲ ಗುದ್ದುತ್ತ ಇದ್ದ. ಐದು ವರ್ಷ, ಆಟಿಸಂ ಇದೆ, ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ನೆಲ ಗುದ್ದಿದರೇ ಅವನ ಮೈಗೆ ನೆಮ್ಮದಿ ಎಂದು ನಾನು ಎಷ್ಟೋ ಮನೆಗಳ ಹೊಸಿಲಲ್ಲಿ ಒಪ್ಪಿಸಿದ ಪಾಠವನ್ನು ನಿಮಗೂ ಒಪ್ಪಿಸಿದೆ.

ಅದನ್ನು ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ, ಇಲ್ಲವೇ ಯಾರೋ ಒಬ್ಬ ಡಾಕ್ಟರ ಹೆಸರು ಹೇಳುತ್ತಾರೆ. ನೀವು ಎರಡೂ ಮಾಡಲಿಲ್ಲ. "ಸರಿ. ಆದ್ರೂ ನಂಗೆ ಓದಕ್ಕಾಗ್ತಿಲ್ಲ" ಎಂದು ಕೆಳಗಿಳಿದು ಹೋದಿರಿ. ಎಂಥ ಕಲ್ಲು ಹೃದಯದ ಮುದುಕಿ ಎಂದು ಸಂಜೆಯವರೆಗೆ ಬೈದುಕೊಂಡೆ. ಈಗ ಅನಿಸುತ್ತದೆ, ನಮ್ಮನ್ನೂ ಉಳಿದ ನೆರೆಯವರ ಹಾಗೇ ಕಂಡು ನೆಟ್ಟಗೆ ಜಗಳ ಆಡಿದವರು ನೀವೊಬ್ಬರೇ.

ಆಮೇಲೆ ಶುರುವಾಯಿತಲ್ಲ ನಿಮ್ಮ ಕೋಲಿನ ಕಾಟ! ಇವನು ಅಡುಗೆಮನೆಯಿಂದ ಲಟ್ಟಣಿಗೆ ಎತ್ತಿಕೊಂಡು ಹೋಗಿ ನೆಲಕ್ಕೆ ಕುಟ್ಟುವುದು, ನೀವು ನೆಲ ಒರೆಸುವ ಕೋಲಿನಿಂದ ಕೆಳಗಿನಿಂದ ಸೂರಿಗೆ ಕುಟ್ಟುವುದು. ನಡುವೆ ನಾನು, ಅಡಕತ್ತರಿಯಲ್ಲಿ ಸಿಕ್ಕವಳು. ಒಂದು ದಿನ ಬಟ್ಟೆ ಮಡಿಸುತ್ತ ಕೂತಿದ್ದೆ. ನೀವು ಟಕ್ ಟಕ್ ಟಕ್ ಎಂದಿರಿ. ಬುಗುರಿ ಸುತ್ತುವುದನ್ನು ನಿಲ್ಲಿಸಿದ. ನೆಲವನ್ನು ನೋಡಿದ. ಲಟ್ಟಣಿಗೆ ಎತ್ತಿ ಟಕ್ ಟಕ್ ಟಕ್ ಎಂದ. ಹಾಗೆ ಬಡಿದು, ದೊಡ್ಡಮ್ಮ, ಕಾದ! ಕಿವಿಯನ್ನು ನೆಲಕ್ಕೆ ಕೊಟ್ಟು, ಕಾದ. ನೀವು ಕೆಳಗೆ ಹಲ್ಲು ಕಡಿದುಕೊಂಡು ಮತ್ತೆ ಕುಟ್ಟಿದಿರಿ, ಇವನು ಮೇಲೆ ಕುಲುಕುಲು ನಕ್ಕ.

ಮಾತು ಕಲಿಸುವ ಮೇಡಂಗೆ ಇದನ್ನು ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಬಾಯಿಗೆ ಮಾತು ಬರುವ ಮುಂಚೆ ಸರದಿ ಬರಬೇಕಂತೆ, ನೀನೊಮ್ಮೆ ನಾನೊಮ್ಮೆ ಎಂದು. ಅದಕ್ಕಾಗಿ ಅವರು ಚೆಂಡು ಉರುಳಿಸಿ ಉರುಳಿಸಿ ಸುಸ್ತಾಗಿದ್ದರು, ಇವನು ಚೆಂಡನ್ನು ಒಮ್ಮೆಯೂ ವಾಪಸ್ಸು ಕೊಟ್ಟವನಲ್ಲ. "ಆ ಅಜ್ಜಿ ಬಡಿಯೋದನ್ನ ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ" ಎಂದರು. ಹೇಳುವುದು ಸುಲಭ. ಯಾವ ಮುಖ ಇಟ್ಟುಕೊಂಡು ಬರಲಿ? ಆದರೂ ಬಂದೆ. ದಯವಿಟ್ಟು ದಿನಾ ಕುಟ್ಟಿ ಎಂದು ಕೇಳಿದೆ. "ಜಗಳ ನಿಲ್ಸಿ ಅಂತ ಬರೋರನ್ನ ನೋಡಿದೀನಿ, ಜಗಳ ಮಾಡಿ ಅಂತ ಬಂದೋಳು ನೀನೇ ಮೊದಲು. ನಂಗೇನು ಬೇರೆ ಕೆಲಸ ಇಲ್ವಾ?" ಎಂದು ಬಾಗಿಲು ಹಾಕಿಕೊಂಡಿರಿ. ಮುಖ ಸಣ್ಣದು ಮಾಡಿಕೊಂಡು ಮೇಲೆ ಬಂದೆ. ಚಪ್ಪಲಿ ಬಿಡುತ್ತಿದ್ದೇನೆ, ಕೆಳಗಿನಿಂದ ಟಕ್ ಟಕ್ ಟಕ್. ಹೊಸಿಲ ಮೇಲೇ ಕೂತು ಅತ್ತುಬಿಟ್ಟೆ. ಇದನ್ನು ಇವತ್ತಿನವರೆಗೆ ನಿಮಗೆ ಹೇಳಿರಲಿಲ್ಲ, ಹೇಳಿದ್ದರೆ ಇನ್ನೂ ಕೊಬ್ಬುತ್ತಿದ್ದಿರಿ.

ಅಲ್ಲಿಂದ ನೀವು ಮಧ್ಯಾಹ್ನದ ಕಾಫಿ ಮುಗಿಸಿ ಕೋಲು ಹಿಡಿಯುವುದನ್ನೇ ಅವನು ಕಾಯತೊಡಗಿದ. ಒಂದು ದಿನ ಎರಡು ಮೆಲ್ಲಗೆ, ಒಂದು ಜೋರಾಗಿ. ಇನ್ನೊಂದು ದಿನ ಅವನೇ ಹೊಸದು ಕಟ್ಟಿ ನಿಮ್ಮನ್ನು ಸೋಲಿಸುವುದು. ಆಮೇಲೆ ನನ್ನ ಕೈ ಹಿಡಿದು ಕೆಳಗೆ ಬಂದವನು ನಿಮ್ಮ ಮುಖ ನೋಡದೆ, ತೊಡೆಯ ಮೇಲಿನ ಕರಡು ಹಾಳೆಗಳ ಮೇಲೆ ಲಟ್ಟಣಿಗೆ ಇಟ್ಟ. ಹಾಳೆ ಮುಟ್ಟಿದರೆ ನನ್ನನ್ನೇ ಸುಡುವ ಹಾಗೆ ನೋಡುತ್ತಿದ್ದವರು, "ಬನ್ನಿ ಮಹಾರಾಜರೇ" ಎಂದು ಹಾಳೆಗಳನ್ನು ಪಕ್ಕಕ್ಕಿಟ್ಟಿರಿ. ನಿಮ್ಮ ಮನೆಯಲ್ಲಿ ಅವನು ಕೂರತೊಡಗಿದ ಮೇಲೆಯೇ ನಾನು ಮತ್ತೆ ಕನ್ನಡಕದ ಅಂಗಡಿಯ ಅರ್ಧ ದಿನದ ಕೆಲಸಕ್ಕೆ ಹೋಗಿದ್ದು. ಆಂಟಿ ಎಂದರೆ ಸಿಡುಕುತ್ತಿದ್ದವರು ದೊಡ್ಡಮ್ಮ ಎಂದಾಗ ಸುಮ್ಮನಾಗಿದ್ದೂ ಆಗಲೇ.

ಇನ್ನು ನಿಜ ಹೇಳುತ್ತೇನೆ. ನೀವು ಹೊರಟ ದಿನ ಇವನು ಸಾಮಾನಿನ ಲಾರಿಯ ಚಕ್ರ ನೋಡುತ್ತ ಕೂತಿದ್ದ, ನಿಮ್ಮ ಕಡೆ ತಿರುಗಲೂ ಇಲ್ಲ. "ಬಿಡು, ಅವನಿಗೇನು ಗೊತ್ತಾಗುತ್ತೆ" ಎಂದು ನೀವು ಬಹಳ ಹೊತ್ತು ಕನ್ನಡಕ ಒರೆಸಿದಿರಿ. ಫೋನ್ ಮಾಡಿದಾಗಲೆಲ್ಲ ಮಹಾರಾಜರು ಹೇಗಿದ್ದಾರೆ ಎಂದು ಕೇಳಿದಿರಿ, ನಾನು ಚೆನ್ನಾಗಿದ್ದಾನೆ, ಉಣ್ಣುತ್ತಾನೆ, ಆಡುತ್ತಾನೆ ಎಂದೆ. ಕಾಲು ಕಟ್ಟಿಸಿಕೊಂಡು ಮಲಗಿದವರಿಗೆ ಇನ್ನೇನು ಹೇಳಲಿ?

ಅವನಿಗೆ ಗೊತ್ತಾಗಿತ್ತು, ದೊಡ್ಡಮ್ಮ. ಮಾರನೇ ದಿನವೇ ಕಾಫಿ ಹೊತ್ತಿಗೆ ನೆಲ ಬಡಿದು, ಕಿವಿ ಇಟ್ಟು ಮಲಗಿದ. ಉತ್ತರವಿಲ್ಲ. ಮತ್ತೆ ಬಡಿದ. ಕೆನ್ನೆಯ ಮೇಲೆ ನೆಲದ ಗೆರೆ ಮೂಡುವವರೆಗೆ ಹಾಗೇ ಬಿದ್ದಿದ್ದ. ನಿಮ್ಮಿಂದ ಫೋನಿನಲ್ಲಿ ಮೇಜು ಕುಟ್ಟಿಸಿ ಕೇಳಿಸೋಣ ಎಂದು ಅವನ ಕೈಗೆ ಕೊಟ್ಟರೆ ಫೋನನ್ನು ಬಕೆಟ್ಟಿನ ನೀರಿಗೆ ಹಾಕಿದ. ಅವತ್ತು ಫೋನು ಕೆಟ್ಟಿದೆ ಎಂದಿದ್ದೆನಲ್ಲ, ಅದು ಹೀಗೆ. ದಿನ ಕಳೆದಂತೆ ಬಡಿಯುವುದು ಕಡಿಮೆಯಾಯಿತು. ಮತ್ತೆ ಬರೀ ಸುತ್ತುವುದು, ಗೋಡೆ ನೋಡುವುದು. ಅವನು ಜಗತ್ತಿನ ಜೊತೆ ಆಡುತ್ತಿದ್ದ ಮಾತು ಅದೊಂದೇ. ಅದೂ ಹೋದರೆ ಇನ್ನೇನು ಉಳಿಯಿತು ಎಂದು ನನಗೆ ಅನ್ನ ಸೇರಲಿಲ್ಲ.

ನಿಮ್ಮ ಮನೆಗೆ ಸುಣ್ಣ ಹೊಡೆಸಲು ಮಾಲೀಕರು ಬೀಗದ ಕೈ ನಮಗೆ ಕೊಟ್ಟು ಹೋಗಿದ್ದರು. ನಾನು ಕೆಳಗೆ ಹೋದೆ. ಖಾಲಿ ಮನೆಯಲ್ಲಿ ನೀವು ಬಿಟ್ಟು ಹೋದ ಕೋಲೊಂದೇ ಮೂಲೆಯಲ್ಲಿ ನಿಂತಿತ್ತು. ತಲೆ ಎತ್ತಿ ನೋಡಿದೆ. ಸೂರಿನ ತುಂಬ ನಿಮ್ಮ ಕೋಲಿನ ಗುರುತು, ಗಾರೆ ಎದ್ದು ಸಿಡುಬಿನ ಕಲೆಯ ಹಾಗೆ. ಇಷ್ಟು ಕುಟ್ಟಿದ್ದಿರಾ? ಕೈ ಎತ್ತಿ ಎತ್ತಿ ನಿಮ್ಮ ರಟ್ಟೆ ನೋಯಲಿಲ್ಲವೇ? ನಾನೂ ಕುಟ್ಟಿದೆ. ಮೇಲೆ ಸದ್ದಿಲ್ಲ. ಇನ್ನೊಂದಷ್ಟು ಕುಟ್ಟಿದೆ. ಓಡಿ ಮೇಲೆ ಬಂದರೆ ನಮ್ಮವರು ತಲೆ ಅಲ್ಲಾಡಿಸಿದರು. ಲಟ್ಟಣಿಗೆಯನ್ನು ಅಪ್ಪನ ಶೂವಿನೊಳಗೆ ತುರುಕಿ ಮಂಚದ ಕೆಳಗೆ ಹೋಗಿದ್ದನಂತೆ. ಹೆತ್ತ ತಾಯಿ ಕರೆದರೆ ಇಲ್ಲ, ಕೆಳಗಿನ ಮನೆಯವರು ಕರೆದರೆ ಮಾತ್ರ ಉಂಟು! ನಿಮ್ಮ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ನಮ್ಮವರು ನಾನು ನೋಡುತ್ತೇನೆ ಎಂದು ಇಳಿದರು. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವರಲ್ಲವೇ, ಯಾವುದೇ ಆಗಲಿ ರಿಪೇರಿ ಆಗುತ್ತದೆ ಎಂಬ ನಂಬಿಕೆ. ನಾನು ಲಟ್ಟಣಿಗೆಯನ್ನು ಬುಗುರಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕೂತೆ. ಕೆಳಗಿನಿಂದ ಟಕ್ ಟಕ್ ಟಕ್ ಬಂತು. ಆಗ ನೋಡಿದೆ. ಅವನ ಕೈ ಮೇಲೇಳತೊಡಗಿತು. ಮೆಲ್ಲಗೆ, ಬಹಳ ಮೆಲ್ಲಗೆ, ನೀರೊಳಗೆ ಎತ್ತಿದ ಹಾಗೆ. ಇನ್ನೇನು ಬಡಿಯಬೇಕು, ಅಷ್ಟರಲ್ಲಿ ಕೆಳಗಿನಿಂದ ಮತ್ತೆ ಟಕ್ ಟಕ್ ಟಕ್. ಕೈ ಇಳಿದುಹೋಯಿತು. ಮತ್ತೊಮ್ಮೆ ಎತ್ತಿದ. ಮತ್ತೆ ಕೆಳಗಿನಿಂದ ದಬದಬ. ಇಳಿಸಿದ.

ಹಿಂದಿನ ದಿನ ನಾನೂ ಹಾಗೇ ಬಿಡುವಿಲ್ಲದೆ ಕುಟ್ಟಿದ್ದೆ. ಅದೊಂದು ದಿನ ಏನು, ಅವನು ಹುಟ್ಟಿದಾಗಿನಿಂದ ನಾನು ಮಾಡಿದ್ದೇ ಅದು. ಹಾಲು ಬೇಕಾ ಎಂದು ಕೇಳಿ, ಹೂಂ ಬೇಕು ಎಂದು ನಾನೇ ಹೇಳಿ, ಲೋಟ ಬಾಯಿಗೆ ಹಿಡಿಯುವುದು. ನಾನೊಬ್ಬಳೇ ಅಲ್ಲ, ಡಾಕ್ಟರು, ನೆಂಟರು, ಅಂಗಡಿಯವರು, ಎಲ್ಲರೂ ಅವನನ್ನು ಕೇಳಿ ಉತ್ತರವನ್ನು ತಾವೇ ಹೇಳಿಕೊಂಡು ಹೋಗುವವರೇ. ಒಂದೊಂದು ಅಕ್ಷರಕ್ಕೂ ನಿಂತು ನೋಡುವ ನೀವೊಬ್ಬರು ಮಾತ್ರ ಕುಟ್ಟಿ, ಕೋಲು ಹಿಡಿದು, ಕತ್ತು ನೋಯಿಸಿಕೊಂಡು, ಅವನ ಕೈ ಏಳುವವರೆಗೆ ನಿಂತಿರಿ. ಅವನಿಗೆ ಬೇಕಿದ್ದುದು ಅಷ್ಟು ಹೊತ್ತು. ಅಷ್ಟೇ.

ಕಿಟಕಿಗೆ ಓಡಿ, "ರೀ, ಸುಮ್ನಿರ್ರೀ! ಕೈ ಮುಗೀತೀನಿ, ಒಂದೇ ಸಲ ಬಡ್ದು ಸುಮ್ನಿರಿ!" ಎಂದು ಕೂಗಿದೆ. ಬೀದಿಯವರೆಲ್ಲ ತಲೆ ಎತ್ತಿ ನೋಡಿದರು, ಗಂಡ ಹೊಡೆಯುತ್ತಿದ್ದಾನೆ ಎಂದುಕೊಂಡರೋ ಏನೋ. ನಮ್ಮವರು ಒಮ್ಮೆ ಬಡಿದು ನಿಲ್ಲಿಸಿದರು. ನಾನು ಮತ್ತೆ ಅವನ ಪಕ್ಕ ಬಂದು ಕೂತೆ. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳುತ್ತಿತ್ತು. ಉಕ್ಕಲಿ ಹಾಳಾಗಿ ಹೋಗಲಿ ಎಂದೆ. ಕೈ ಎದ್ದಿತು. ಲಟ್ಟಣಿಗೆ ನೆಲಕ್ಕೆ ಬಿತ್ತು. ಟಕ್. ಟಕ್. ಟಕ್.

ಕೆಳಗಿನಿಂದ ಉತ್ತರವೇ ಇಲ್ಲ! ಸಿಟ್ಟು ಬಂದು ಕಿಟಕಿಯಿಂದ ಬಗ್ಗಿ ನೋಡಿದರೆ ಕೋಲು ಹಿಡಿದ ಮಹಾನುಭಾವರು ನಿಮ್ಮ ಕಿಟಕಿಯ ಹತ್ತಿರ ನಿಂತು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅಳೋದು ಆಮೇಲೆ, ಈಗ ನಿಮ್ಮ ಸರದಿ ಎಂದು ಮತ್ತೆ ಕೂಗಬೇಕಾಯಿತು.

ಈಗ ನಿಮ್ಮ ಮನೆಗೆ ಹೊಸಬರು ಬರುತ್ತಾರೆ, ಸೂರಿಗೆ ಗಾರೆ ಮೆತ್ತಿ ಆಗಿದೆ. ನಾವು ಅಡುಗೆಮನೆಯ ಗೋಡೆ ಹಿಡಿದಿದ್ದೇವೆ. ನಾನು ಈ ಕಡೆಯಿಂದ ಸೌಟಿನಲ್ಲಿ ಬಡಿಯುತ್ತೇನೆ, ಅವನು ಆ ಕಡೆಯಿಂದ ಲಟ್ಟಣಿಗೆಯಲ್ಲಿ. ಕೆಲವು ದಿನ ಉತ್ತರ ಬರುವ ಹೊತ್ತಿಗೆ ಒಗ್ಗರಣೆ ಸೀದಿರುತ್ತದೆ. ನಮ್ಮವರು ಅದನ್ನೇ ಬಡಿಸಿಕೊಂಡು ತಿನ್ನುತ್ತಾರೆ. ಊಟದ ಹೊತ್ತಿಗೆ ಇನ್ನೂ ಬೇಕಾ ಎಂದು ಕೇಳಿ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯುತ್ತಿದ್ದೇನೆ. ನನ್ನಂಥ ಬಾಯಿಬಡುಕಿಗೆ ಇದು ಎಂಥ ಶಿಕ್ಷೆ ಎಂದು ನೀವೇ ಊಹಿಸಿಕೊಳ್ಳಿ. ಮೊನ್ನೆ ಹಾಗೆ ಸುಮ್ಮನಿದ್ದಾಗ ಅವನು ತಟ್ಟೆಯನ್ನು ನನ್ನ ಕಡೆ ಒಂದು ಬೆರಳಷ್ಟು ತಳ್ಳಿದ. ಬೇಕು ಎಂದು ನನ್ನ ಮಗ ನನಗೆ ಹೇಳಿದ್ದು ಅದೇ ಮೊದಲು.

ಈ ಋಣವನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ. ತೀರಿಸುವ ಆಸೆಯೂ ಇಲ್ಲ, ಇರಲಿ ಬಿಡಿ, ನಿಮ್ಮ ಹೆಸರಿನಲ್ಲಿ ಅದೊಂದು ನನ್ನ ಹತ್ತಿರ ಇರಲಿ. ಮಂಡಿಗೆ ಹೇಳಿದ ವ್ಯಾಯಾಮ ತಪ್ಪಿಸಬೇಡಿ. ತಂಗಿಯ ಡಬ್ಬಗಳನ್ನು ಅವರ ಪಾಡಿಗೆ ಬಿಡಿ.

ನಿಮ್ಮ ತಲೆಯ ಮೇಲೆ ಕುಣಿದವನ ತಾಯಿ,
ಮೇಲಿನ ಮನೆಯವಳು

ಅಂಚಿನಲ್ಲಿ ಒಂದು ಮಾತು: ಬರುವ ಭಾನುವಾರ ಮಧ್ಯಾಹ್ನ, ನೀವು ಕಾಫಿ ಕುಡಿದು ಮುಗಿಸುವ ಹೊತ್ತಿಗೆ, ನಾವು ಮೂವರೂ ಅಲ್ಲಿಗೆ ಬರುತ್ತಿದ್ದೇವೆ. ಬಸ್ಸೆಂದರೆ ಅವನಿಗೆ ಆಗದು, ಅದಕ್ಕೇ ನಮ್ಮವರು ಕಂಪನಿಯ ವ್ಯಾನು ಕೇಳಿದ್ದಾರೆ. ಲಟ್ಟಣಿಗೆಯೂ ಬರುತ್ತಿದೆ. ನಿಮ್ಮ ಕೋಲನ್ನು ಸುಣ್ಣದವರು ಎಸೆಯುವುದರಲ್ಲಿದ್ದರು, ನಾನು ಕಿತ್ತಿಟ್ಟುಕೊಂಡಿದ್ದೇನೆ, ಅದೂ ಬರುತ್ತಿದೆ. ಬಾಗಿಲು ಬಡಿದ ಸದ್ದು ಕೇಳಿದರೆ ತಂಗಿಯವರನ್ನು ಕಳಿಸಬೇಡಿ. ನೀವೂ ತಕ್ಷಣ ತೆಗೆಯಬೇಡಿ. ಮೆಲ್ಲಗೆ ಬಂದು, ಒಳಗಿನಿಂದ ಮೂರು ಸಲ ಬಡಿದು, ಕಾಯಿರಿ. ಎಷ್ಟು ಹೊತ್ತಾದರೂ ಆಗಲಿ. ನಾವು ಹೊರಗೆ ನಿಂತಿರುತ್ತೇವೆ.