ಅಕ್ಕಯಮ್ಮನ ಉತ್ತರ ಎಲ್ಲಿ?

ಟೀವಿಯಲ್ಲಿ ಯಾರ ಮಾತು ಉಳಿಯಬೇಕು, ಯಾರ ಮಾತು ಹಾರಿಹೋಗಬೇಕು ಎಂದು ತೀರ್ಮಾನಿಸುವ ಕಾರ್ಯಕ್ರಮ ಮುಖ್ಯಸ್ಥರಾದ ಮಾನ್ಯರೇ,

ಕಳೆದ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ನಿಮ್ಮ ವಾಹಿನಿಯ ‘ನಿಂತಲ್ಲೇ ಕವಿತೆ’ ಕಾರ್ಯಕ್ರಮದಲ್ಲಿ ನಾನು ನನ್ನ ಬೀಗಿತ್ತಿ ಅಕ್ಕಯಮ್ಮನನ್ನು ಹೀಯಾಳಿಸಿದ್ದನ್ನು ನಾಡಿಗೆಲ್ಲ ತೋರಿಸಿದಿರಿ. ಅವಳು ನನಗೆ ಕೊಟ್ಟ ಉತ್ತರವನ್ನು ಕತ್ತರಿಸಿ ಹಾಕಿದಿರಿ. ನನ್ನ ತಕರಾರು ಇಷ್ಟೇ. ಇದನ್ನೇ ಎರಡು ಸಲ ಬರೆದು ನಿಮ್ಮ ಆಫೀಸಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಉತ್ತರ ಎಂದರೆ ನಿಮಗೆ ಯಾಕೋ ಆಗಿಬರುವುದಿಲ್ಲ ಎಂದು ಕಾಣುತ್ತದೆ. ಅದಕ್ಕೇ ಮೂರನೆಯದನ್ನು ಪೇಪರಿಗೆ ಕೊಡುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತವನ್ನು ಮೊಮ್ಮಗಳು ರೂಪ ತಿದ್ದಿದ್ದಾಳೆ. ಸಿಟ್ಟನ್ನು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ಈ ರೂಪ ನನಗೆ ಮಗಳ ಮಗಳು, ಅಕ್ಕಯಮ್ಮನಿಗೆ ಮಗನ ಮಗಳು. ಚಿಂತಾಮಣಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ರಜಕ್ಕೆಂದು ಗೌರಿಬಿದನೂರಿನ ಹತ್ತಿರದ ನಮ್ಮ ಹಳ್ಳಿಗೆ ಬಂದಾಗ ನಿಮ್ಮ ಕಾರ್ಯಕ್ರಮ ತೋರಿಸಿದವಳು ಅವಳೇ. ಹುಡುಗರು ಮೈಕಿನ ಮುಂದೆ ನಿಂತು, ಚೀಟಿ ನೋಡದೆ, ತಾವೇ ಕಟ್ಟಿದ ಕವಿತೆಯನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದರು. ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ತಿರುಗಿಸಿ ಕೊಡಬೇಕು. ಮೂರು ಜನ ತೀರ್ಪುಗಾರರು ಅಂಕದ ಹಲಗೆ ಎತ್ತುತ್ತಾರೆ.

“ಇದು ಅಮೆರಿಕಾದಿಂದ ಬಂದಿರೋದು ಕಣಜ್ಜಿ. ಸ್ಲ್ಯಾಮ್ ಅಂತಾರೆ,” ಎಂದಳು.

“ನಿಮ್ಮಮ್ಮನ ಮದುವೇಲಿ ನಾನೂ ನಿಮ್ಮ ಅಕ್ಕಯಮ್ಮಜ್ಜೀನೂ ಬೆಳಗಾನ ಮಾಡಿದ್ದು ಇನ್ನೇನೇ? ಮೈಕಿರ್ಲಿಲ್ಲ ಅಷ್ಟೆ. ಇದ್ದಿದ್ರೆ ಅದೂ ಸುಟ್ಟೋಗಿರೋದು,” ಎಂದೆ.

ಅವಳು ನಕ್ಕು ಸುಮ್ಮನಾಗಬಾರದಿತ್ತೇ? ಇಬ್ಬರು ಅಜ್ಜಿಯರ ಹೆಸರನ್ನೂ ಬರೆದು ಅರ್ಜಿ ಹಾಕಿದಳು. ನಿಮ್ಮವರಿಗೆ ಖುಷಿಯೋ ಖುಷಿ. ಕಾರು ಕಳಿಸಿ ಬೆಂಗಳೂರಿಗೆ ಕರೆಸಿಕೊಂಡರು.

ಮಾನ್ಯರೇ, ನೀವು ಕವಿತೆಯ ಪಂದ್ಯ ನಡೆಸುವವರು, ಆದ್ದರಿಂದ ಪಂದ್ಯದ ಕಾನೂನು ನಿಮಗೆ ಗೊತ್ತಿರಬೇಕು ಎಂದು ತಿಳಿದಿದ್ದೆ. ಗೊತ್ತಿಲ್ಲ ಎನ್ನುವುದು ಆಮೇಲೆ ತಿಳಿಯಿತು. ನಮ್ಮ ಕಡೆ ಮದುವೆಯ ಊಟವಾದ ಮೇಲೆ ಗಂಡಿನ ಕಡೆಯ ಹೆಂಗಸರು, ಹೆಣ್ಣಿನ ಕಡೆಯ ಹೆಂಗಸರು ಎದುರುಬದುರು ಕೂತು ಬೀಗರ ಹಾಡು ಹಾಡುತ್ತಾರೆ. ಮೂಗು, ನಡಿಗೆ, ಜಿಪುಣತನ, ಗೊರಕೆ, ಯಾವುದನ್ನೂ ಬಿಡುವುದಿಲ್ಲ. ಎಲ್ಲ ಸುಳ್ಳೇ. ಸುಳ್ಳು ಎಂದು ಹೇಳುವವಳಿಗೂ ಗೊತ್ತು, ಹೇಳಿಸಿಕೊಳ್ಳುವವಳಿಗೂ ಗೊತ್ತು. ಆದರೆ ಹೀಯಾಳಿಸಿದವಳು ಎದುರಿನವಳ ಉತ್ತರ ಬರುವ ತನಕ ಎದ್ದು ಹೋಗುವಂತಿಲ್ಲ, ಬಾಯಲ್ಲಿರುವ ಎಲೆಅಡಿಕೆ ಉಗುಳುವುದಕ್ಕೂ ಇಲ್ಲ. ಎದುರಿನವಳಿಗೆ ಮಾತು ತೋಚದಿದ್ದರೆ ಅವಳ ಕಡೆಯವರು ಯಾರಾದರೂ ಕಟ್ಟಿಕೊಡಬೇಕು. ಉತ್ತರ ಬಂದ ಮೇಲೆ, ಹೀಯಾಳಿಸಿದವಳೇ ಎದ್ದು ಅವಳ ಬಾಯಿಗೆ ಸಕ್ಕರೆ ಹಾಕಬೇಕು. ಅಲ್ಲಿಗೆ ಸುಳ್ಳೆಲ್ಲ ತೊಳೆದುಹೋಯಿತು. ಉತ್ತರ ಬಾರದ ಬೈಗುಳ ಹಾಡಲ್ಲ, ಬರೀ ಬೈಗುಳ. ಹಳ್ಳಿಯ ದಡ್ಡ ಹೆಂಗಸರಿಗೆ ತಿಳಿದ ಇಷ್ಟು ನ್ಯಾಯ ಏರ್ ಕಂಡೀಷನ್ ಕೋಣೆಯೊಳಗೆ ಹೆಪ್ಪುಗಟ್ಟಿ ಹೋಯಿತೇ?

ನಿಮ್ಮ ಸ್ಟುಡಿಯೋದಲ್ಲಿ ನಾನು ಮೊದಲು ನಿಂತೆ. ಹಾಡಬೇಡಿ, ಮಾತಿನ ಹಾಗೆ ಹೇಳಿ ಎಂದರು. ಹಾಗೇ ಹೇಳಿದೆ:

ಬಂದಳಮ್ಮ ಬೀಗಿತ್ತಿ, ಬಾಗಿಲಿಗೆ ಅಡ್ಡ ನಿಂತಳು,
ಹನ್ನೊಂದು ಒಬ್ಬಟ್ಟು ತಿಂದು ಹಸಿವಿಲ್ಲ ಅಂದಳು,
ಹನ್ನೆರಡನೇದು ಎಲ್ಲೇ ಅಂದ್ರೆ ಸೆರಗು ಕೊಡವಲೊಲ್ಲಳು!

ಜನ ಬಿದ್ದು ಬಿದ್ದು ನಕ್ಕರು. ಒಂಬತ್ತು, ಒಂಬತ್ತು, ಎಂಟು ಅಂಕ ಬಂತು. ಅಕ್ಕಯಮ್ಮನಿಗೆ ಸಕ್ಕರೆ ಕಾಯಿಲೆ, ಅವಳು ಒಬ್ಬಟ್ಟು ಮುಟ್ಟಿ ಹದಿನಾಲ್ಕು ವರ್ಷವಾಯಿತು. ಸುಳ್ಳು ಅಷ್ಟು ದೊಡ್ಡದಾಗಿದ್ದರೇ ಚೆಂದ.

ಆಮೇಲೆ ಅವಳು ಎದ್ದಳು. ಮೈಕನ್ನು ಪಕ್ಕಕ್ಕೆ ತಳ್ಳಿ, ನನ್ನ ಮುಖವನ್ನೇ ನೋಡಿಕೊಂಡು ಹೇಳಿದಳು:

ಒಬ್ಬಟ್ಟು ಎಣಿಸೋ ವದಿನಮ್ಮ, ದಿನಗಳ ಎಣಿಸಿದ್ಯಾ?
ಕಾಲು ಮುರಿದು ನಾ ಬಿದ್ದಾಗ ಮೂರು ತಿಂಗಳು ಆಯ್ತಲ್ಲ,
ಬಂದೆ ಬಂದೆ ಅಂತಂದೆ, ಬಸ್ಸು ಮಾತ್ರ ಹತ್ಲಿಲ್ಲ,
ಮಾಟಲು ಕೋಟಲು ದಾಟ್ತಾಯಿ, ಕಾಳ್ಳು ಗಡಪ ದಾಟವು!

ವದಿನ ಎಂದರೆ ಅತ್ತಿಗೆ, ಬೀಗಿತ್ತಿಯರು ನಾವು ಹಾಗೇ ಕರೆದುಕೊಳ್ಳುವುದು. ಮಾತು ಕೋಟೆ ದಾಟುತ್ತದೆ, ಕಾಲು ಹೊಸ್ತಿಲು ದಾಟುವುದಿಲ್ಲ ಎನ್ನುವ ತೆಲುಗು ಗಾದೆ ಅದು. ನಮ್ಮ ಕಡೆ ಕೋಳಿಗೂ ಎರಡು ಭಾಷೆ ಬರುತ್ತದೆ. ಮಾನ್ಯರೇ, ಇದು ಸುಳ್ಳಲ್ಲ. ಅವಳು ಜಾರಿ ಬಿದ್ದು ಹಾಸಿಗೆ ಹಿಡಿದಿದ್ದಾಗ ನಾನು ಇವತ್ತು ಬರ್ತೀನಿ, ನಾಳೆ ಬರ್ತೀನಿ ಎಂದು ಫೋನಿನಲ್ಲೇ ಮೂರು ತಿಂಗಳು ತಳ್ಳಿದೆ. ಯಾಕೆ ಹೋಗಲಿಲ್ಲವೋ! ಕಳೆ ಕೀಳುವುದಿತ್ತು, ಹಸು ಕರು ಹಾಕುವುದಿತ್ತು. ನೆಪಕ್ಕೆ ಬರವೇ? ಇಪ್ಪತ್ತೆರಡು ವರ್ಷದ ಬೀಗತನದಲ್ಲಿ ಅವಳು ಹಾಡಿನಲ್ಲಿ ಹೇಳಿದ ಮೊದಲ ನಿಜ ಇದು. ನನ್ನ ಮುಖ ಬಾಡಿತು. ಆಮೇಲೆ ಹತ್ತು, ಹತ್ತು, ಹತ್ತು. ನಾನು ಎದ್ದು, ಮನೆಯಿಂದ ತಂದಿದ್ದ ಚಿಟಿಕೆ ಸಕ್ಕರೆ ಅವಳ ನಾಲಿಗೆಗೆ ಇಟ್ಟೆ. “ಡಾಕ್ಟ್ರಿಗೆ ಹೇಳ್ಬೇಡ,” ಎಂದಳು.

ಟೀವಿಯಲ್ಲಿ ಬಂದಿದ್ದೇನು? ನನ್ನ ಒಬ್ಬಟ್ಟು ಬಂತು. ಆಮೇಲೆ ಅಕ್ಕಯಮ್ಮ ತಲೆ ತಗ್ಗಿಸಿ ಕೂತದ್ದು ಬಂತು. ಅವಳು ತಗ್ಗಿಸಿದ್ದು ನಾಚಿಕೆಯಿಂದಲ್ಲ, ಬಿದ್ದುಹೋದ ಅಡಿಕೆ ಚೂರು ಹುಡುಕುವುದಕ್ಕೆ. ಅದು ಇನ್ಯಾವುದೋ ಹೊತ್ತಿನದು. ಅದರ ಮೇಲೆ ಎಲ್ಲಿಂದಲೋ ತಂದ ನಗುವನ್ನು ಸುರಿದಿರಿ. ಅಷ್ಟೇ. ಜಾಹೀರಾತು.

ಈಗ ತನ್ನೂರು ದಿಬ್ಬೂರಹಳ್ಳಿಯಲ್ಲಿ ಅವಳು ಹಾಲು ಹಾಕಲು ಡೈರಿಗೆ ಹೋದರೆ, “ಅಕ್ಕಯಮ್ಮೋ, ಸೆರಗು ಕೊಡವು!” ಎನ್ನುತ್ತಾರಂತೆ. ಸುತ್ತ ಹತ್ತು ಹಳ್ಳಿಯ ಮದುವೆಗೆ ಅವಳ ಬಾಯಿ ಬೇಕಿತ್ತು. ಪ್ರಸಾರವಾದ ಮೇಲೆ ಮೂರು ಮನೆಯವರು ಎಲೆಅಡಿಕೆ ಇಟ್ಟು ಕರೆದರು, ಮೂರಕ್ಕೂ ಹೋಗಲಿಲ್ಲ. ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾಳೆ ಎಂದು ನನ್ನ ಮಗಳು ಫೋನಿನಲ್ಲಿ ಅತ್ತಳು.

ಈ ಸಲ ಬಸ್ಸು ಹತ್ತಿದೆ. ಅಕ್ಕಯಮ್ಮ ರೇಷ್ಮೆ ಹುಳು ಸಾಕುವ ಮನೆಯೊಳಗಿದ್ದಳು. ಬಾಗಿಲು ತೆಗೆಯಲಿಲ್ಲ.

“ವದಿನಾ, ನಾನು ಅಮ್ಮಾಜಿ.”

“ಗೊತ್ತು. ಹುಳಕ್ಕೆ ಜ್ವರ. ಹೊರಗಿನೋರು ಒಳಗೆ ಬರೋ ಹಾಗಿಲ್ಲ.”

“ನಾನು ಹೊರಗಿನೋಳಾ? ಈ ಮನೇಲಿ ಎಷ್ಟು ಸಲ ಸೊಪ್ಪು ಹಾಕಿಲ್ಲ ನಾನು?”

“ಟೀವಿಲಿ ಗೆದ್ದೋರು, ನಿಮ್ಗೆ ಸೊಪ್ಪಿನ ಕೆಲ್ಸ ಯಾಕಮ್ಮ?”

ಇಷ್ಟು ವರ್ಷ ನೀನು ತಾನು ಎಂದವಳು “ನಿಮ್ಗೆ” ಎಂದಳು. ನಾನೇ ನಿಮ್ಮವರಿಗೆ ಹೇಳಿ ಕತ್ತರಿಸಿದ್ದು ಎಂದು ಅವಳ ನಂಬಿಕೆ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ನಂಬುತ್ತಿದ್ದೆ. ಅವಳ ಉತ್ತರದಿಂದ ಮಾನ ಹೋಗುತ್ತಿದ್ದುದು ನನ್ನದೇ ತಾನೇ?

ರೂಪ ನಿಮ್ಮ ಆಫೀಸಿಗೆ ಫೋನು ಮಾಡಿ ಕೇಳಿದಳು. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಹೇಳಿದಳಂತೆ: “ಎಪಿಸೋಡ್ ಇರೋದೇ ಇಪ್ಪತ್ತೆರಡು ನಿಮಿಷ ಮೇಡಂ. ಎರಡನೇ ಅಜ್ಜೀದು ಸ್ವಲ್ಪ ಪರ್ಸನಲ್ ಆಯ್ತು, ತೆಲುಗು ಬೇರೆ ಇತ್ತು. ಮೊದಲನೇ ಅಜ್ಜೀದು ಫನ್ನಿ.” ನೋಡಿ, ಸುಳ್ಳು ಹೇಳಿದರೆ ತಮಾಷೆ, ನಿಜ ಹೇಳಿದರೆ ಮನೆ ವಿಚಾರ! ನಿಮ್ಮ ಹುಡುಗರು ಇಂಗ್ಲಿಷಿನಲ್ಲಿ ಅರ್ಧ ಕವಿತೆ ಹೇಳಿದರೆ ಅದು ಹೊಸತನ, ನಮ್ಮ ಅಕ್ಕಯಮ್ಮ ಒಂದು ಸಾಲು ತೆಲುಗು ಹೇಳಿದರೆ ಕತ್ತರಿ. ಆ ಇಪ್ಪತ್ತೆರಡು ನಿಮಿಷದಲ್ಲಿ ಸೋಪಿನವನಿಗೆ ಜಾಗವಿತ್ತು, ಅರವತ್ತೆಂಟು ವರ್ಷದ ಹೆಂಗಸಿನ ನಾಲ್ಕು ಸಾಲಿಗೆ ಇರಲಿಲ್ಲ.

ನಾನೇ ಅವಳ ಸಾಲುಗಳನ್ನು ಡೈರಿಯ ಮುಂದೆ ನಿಂತು ಹೇಳಿದೆ. “ಅಜ್ಜಿ ಒಳ್ಳೇಳು, ಬೀಗಿತ್ತಿ ಮಾನ ಉಳಿಸೋಕೆ ತಾನೇ ಕಟ್ಟವ್ಳೆ,” ಎಂದರು. ಟೀವಿ ಹೇಳಿದ ಮೇಲೆ ಮನುಷ್ಯರ ಬಾಯಿಗೆ ಬೆಲೆ ಎಲ್ಲಿದೆ? ಈಗ ನಿಮ್ಮ ಕ್ಯಾಸೆಟ್ಟಿನಲ್ಲಿ ಬಿಟ್ಟರೆ ನಿಜ ಬೇರೆಲ್ಲೂ ಇಲ್ಲ.

ಆದ್ದರಿಂದ ಕೇಳುತ್ತೇನೆ, ಬೇಡುತ್ತಿಲ್ಲ. ಮುಂದಿನ ಭಾನುವಾರ, ಅದೇ ಹೊತ್ತಿಗೆ, ಅಕ್ಕಯಮ್ಮನ ನಾಲ್ಕು ಸಾಲನ್ನೂ ತೆಲುಗಿನ ಸಮೇತ ಹಾಕಿ. ಮೂರು ಹತ್ತುಗಳನ್ನೂ ತೋರಿಸಿ. ನನ್ನ ಮುಖ ಬಾಡಿದ್ದನ್ನು ಎಷ್ಟು ಹೊತ್ತು ಬೇಕಾದರೂ ತೋರಿಸಿ, ನನ್ನ ಒಪ್ಪಿಗೆ ಇದೆ. ನಗು ಮಾತ್ರ ಮೇಲಿಂದ ಸುರಿಯಬೇಡಿ. ಕ್ಯಾಸೆಟ್ಟು ಅಳಿಸಿಬಿಟ್ಟಿದ್ದರೆ, ಅಳಿಸಿದ್ದೇವೆ, ಗೆದ್ದವಳು ದಿಬ್ಬೂರಹಳ್ಳಿಯ ಅಕ್ಕಯಮ್ಮ ಎಂದು ದೊಡ್ಡಕ್ಷರದಲ್ಲಿ ಬರೆದು, ನನ್ನಂಥ ಮೂರನೇ ಕ್ಲಾಸಿನವರು ಕೂಡಿಸಿಕೊಂಡು ಓದುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಿಸಿ. ಆ ದಿನ ನಾನು ದಿಬ್ಬೂರಹಳ್ಳಿಯಲ್ಲಿ, ಆ ಮುಚ್ಚಿದ ಬಾಗಿಲಿನ ಹೊರಗೆ ಕೂತಿರುತ್ತೇನೆ. ಒಳಗೆ ಅವಳಿಗೆ ಕೇಳುವ ಹಾಗೆ ಟೀವಿ ಹಾಕಿರಲು ಮಗಳಿಗೆ ಹೇಳಿದ್ದೇನೆ.

ಇಂತಿ,
ನಿಮ್ಮ ಕತ್ತರಿಯ ಕೃಪೆಯಿಂದ ಗೆದ್ದು, ಸೋತದ್ದಕ್ಕೆ ಸಾಕ್ಷಿ ಸಿಗದೆ ಅಲೆಯುತ್ತಿರುವ
ಅಮ್ಮಾಜಮ್ಮ
ಗೌರಿಬಿದನೂರು ತಾಲ್ಲೂಕು